ಮೊಣಕೈವರೆಗಿನ ವರದಿ

ಬ್ಲಾಗಿನಲ್ಲಿ ಬರೆದದ್ದನ್ನು ಯಾರಾದರೂ ಪೂರ್ತಿ ಓದುವ ತನಕ ಅಕ್ಷರಗಳು ಬರೆದವರ ಕೈಮೇಲೆ ಉಳಿಯುತ್ತವೆ. ಪತ್ರಿಕೋದ್ಯಮ ವಿದ್ಯಾರ್ಥಿನಿ ಶೈಲಶ್ರೀ ಬೆಣ್ಣೆದೋಸೆಯ ಬಗ್ಗೆ ಬರೆದದ್ದು ಹತ್ತು ನಿಮಿಷದಲ್ಲಿ ಅಳಿಸಿಹೋಗಿತ್ತು. ಬಣ್ಣದ ಕಾರ್ಖಾನೆಯ ನಾಲ್ಕು ಪೈಪುಗಳು ಕೆರೆಗೆ ವಿಷ ಬಿಡುತ್ತಿವೆ ಎಂಬ ತನಿಖಾ ವರದಿ ಮಾತ್ರ ಮೂರು ತಿಂಗಳಿಂದ ಮೊಣಕೈವರೆಗೂ ಹಾಗೇ ಇತ್ತು.

“ನೀನಾದ್ರೂ ಓದೇ,” ಎಂದು ರೂಮ್‌ಮೇಟ್ ನಾಗವೇಣಿಗೆ ಹೇಳಿದಳು.

“ಉದ್ದ ಐತೆ ಕಣೇ. ಭಾನುವಾರ ಓದ್ತೀನಿ.”

ಶುಕ್ರವಾರ ಬಟ್ಟೆ ಒಗೆಯುವಾಗ ನೋಡಿದರೆ ಕೈ ಸ್ವಚ್ಛವಾಗಿತ್ತು. ಅಷ್ಟರಲ್ಲಿ ಫೋನ್ ಬಂತು.

“ಕಾರ್ಖಾನೆ ಮಾಲೀಕ ಮಾತಾಡ್ತಿರೋದು. ಪೂರ್ತಿ ಓದಿದೆನಮ್ಮ. ಪೈಪು ನಾಲ್ಕಲ್ಲ, ಆರು. ತಿದ್ಕೊಂಡ್ಬಿಡು.”

ತಪ್ಪಿದ್ದರೆ ತಿದ್ದಲೇಬೇಕೆಂದು ಮೇಷ್ಟ್ರು ಕಲಿಸಿದ್ದರು. ಶೈಲಶ್ರೀ ಕೈ ಒರೆಸಿಕೊಂಡು ತಿದ್ದುಪಡಿ ಹಾಕಿದಳು. ‘ನಾಲ್ಕಲ್ಲ, ಆರು’ ಎಂಬ ಸಾಲು ಮಣಿಕಟ್ಟಿನ ಮೇಲೆ ಮೂಡಿತು. ಭಾನುವಾರ ಕಳೆದರೂ ಅಲ್ಲೇ ಇತ್ತು.