ಕೀಲ್

ಹಕೀಮ ಬುರ್ಹಾನುದ್ದೀನ್ ಕೈಯಲ್ಲಿದ್ದ ಕಡ್ಡಿಯನ್ನು ಮಾಣಿಕಪ್ಪನ ಮೂಗಿನ ಮೇಲಿಂದ ಕೆನ್ನೆಗೆ, ಕೆನ್ನೆಯಿಂದ ದವಡೆಗೆ ಓಡಿಸಿದ. ಮಾತೂ ಅಷ್ಟೇ ವೇಗದಲ್ಲಿ ಓಡಿತು. "ಈ ಕರೀ ತಲೀವು ಕೀಲ್. ಕೀಲ್ ಇದ್ದಲ್ಲಿ ದಿನಾ ಮಲಗೂ ಮುಂದ ಈ ಮಲಾಮು ಹಚ್ರಿ. ಕೆಂಪನ್ನವು ಮುಹಾಸೆ, ಅವಕ್ಕ ಈ ಕಾಢಾ ಕುಡಸ್ರಿ. ದವಡಿ ಮ್ಯಾಲಿನ ಗಂಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ಹಿಚುಕಿದ್ರ ಸಾಯೂತನಕ ಕಲೆ ಉಳೀತಾವ. ಮಾರಿಗೆ ಎಣ್ಣಿ, ಬಣ್ಣ ಎಲ್ಲಾ ಬಂದ್. ಕಡ್ಲಿಹಿಟ್ಟು ಹಚ್ಚಿ ತೊಳೀರಿ, ಸಾಕು." ಆಮೇಲೆ ಹುಡುಗನ ಗಂಟಲನ್ನೊಮ್ಮೆ ನೋಡಿ, ಗಡ್ಡದೊಳಗೇ ನಕ್ಕು, "ಉಳಿದದ್ದು ರೋಗ ಅಲ್ರಿ, ಬಾಯಿ, ಹರೇದ್ದು" ಅಂದ.

ಹುಡುಗನ ತಾಯಿ ತುಳಜಾಬಾಯಿ ಎಲ್ಲಕ್ಕೂ ತಲೆಯಾಡಿಸಿದಳು. ಆಕೆಯ ತಲೆಯಲ್ಲಿ ಉಳಿದದ್ದು ಮಾತ್ರ ಕೀಲ್ ಎಂಬ ಒಂದೇ ಮಾತು.

ಪಾಪ, ಆಕೆಯದೇನು ತಪ್ಪು? ಮಗನ ಮುಖದ ತುಂಬ ಗುಳ್ಳೆ ಎದ್ದಂದಿನಿಂದ ಕಮಲಾಪುರದಲ್ಲಿ ಬಾಯಿದ್ದವರೆಲ್ಲ ವೈದ್ಯರಾಗಿದ್ದರು. ಪಕ್ಕದ ಮನೆಯ ನೀಲಗಂಗಮ್ಮ ಇದು ಸಿಡುಬಿನ ದೇವಿಯೇ ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೋದಳು. ದವಾಖಾನೆಯ ಕಂಪೌಂಡರ್ ಹೊಟ್ಟೆಯ ಉಷ್ಣವೆಂದು ಜುಲಾಬು ಕೊಟ್ಟ. ಇನ್ನೊಬ್ಬರು ಅರಿಸಿನ, ಮತ್ತೊಬ್ಬರು ಕುಸುಬಿ ಎಣ್ಣೆ. ಯಾವುದನ್ನು ನಂಬಬೇಕೋ ತಿಳಿಯದೆ ಆಕೆ ಎಲ್ಲವನ್ನೂ ನಂಬಿದಳು, ಎಲ್ಲವನ್ನೂ ಅದೇ ಮುಖಕ್ಕೆ ಬಳಿದಳು. ಗುಳ್ಳೆಗಳು ಉಂಡು ಬೆಳೆದವು.

ಅವಸರಕ್ಕೆ ಕಾರಣವಿತ್ತು. ರಜಾಕಾರರ ಗದ್ದಲದಲ್ಲಿ ನಿಂತುಹೋಗಿದ್ದ ಊರಿನ ಬಯಲಾಟ, ಪೊಲೀಸ್ ಆಕ್ಷನ್ ಆದಮೇಲೆ ಈ ಸುಗ್ಗಿಗೆ ಮೊದಲ ಸಲ ನಡೆಯುವುದಿತ್ತು. ರಾಣಿಯ ಪಾತ್ರಕ್ಕೆಂದು ಮಾಸ್ತರ ದತ್ತಪ್ಪ ವರ್ಷಗಟ್ಟಲೆ ಮಾಣಿಕಪ್ಪನಿಗೆ ಹಾಡು ಕಲಿಸಿದ್ದ. ಈಗ ಆ ಮುಖ ನೋಡಿ, "ಇದರ ಮ್ಯಾಲ ಬಣ್ಣ ಕೂಡೂದಿಲ್ಲ, ಸುಗ್ಗಿಯೊಳಗ ಮಾರಿ ತಿಳಿ ಆಗಲಿಲ್ಲಂದ್ರ ಬ್ಯಾರೆ ಹುಡುಗನ್ನ ನೋಡ್ತೇನಿ" ಎಂದುಬಿಟ್ಟಿದ್ದ. ಅಂದಿನಿಂದ ಹುಡುಗ ಕನ್ನಡಿಯನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದ. ಅವನ ಒಣಗಿದ ಮೋರೆ ನೋಡಿದರೆ ತಾಯಿಗೆ ಅನ್ನ ಸೇರುತ್ತಿರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ಮಲಾಮಿನ ಡಬ್ಬಿಯನ್ನು ತಿರುವಿ ತಿರುವಿ ನೋಡಿದಳು. "ನಿಂಗ ಕೀಲಿನ ಬ್ಯಾನಿ ಅಂತಪಾ. ಮೊಣಕಾಲಾಗಿಂದು ಮಾರಿಗೆ ಏರ್ಯಾದ."

"ಅವ್ವಾ, ಅವರು ಮೂಗಿನ ಮ್ಯಾಲ ಕಡ್ಡಿ ಇಟ್ಟು ಕೀಲ್ ಅಂದ್ರು."

"ಹುಚ್ಚ, ಮೂಗಿಗೆ ಎಲ್ಲಿ ಕೀಲ್ ಇರ್ತಾದ?"

ಹಕೀಮನ ಉರ್ದುವಿನಲ್ಲಿ ಕೀಲ್ ಅಂದರೆ ಮೊಳೆ, ಮುಖದಲ್ಲಿ ಮೊಳೆಯಂತೆ ನಾಟಿಕೊಂಡ ಕರಿ ತಲೆಯ ಗುಳ್ಳೆ ಎಂದು ಹೇಳುವವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಮಾಣಿಕಪ್ಪ ಮೂಗು ತಡವಿಕೊಂಡು ನೋಡಿದ. ಅವ್ವ ಹೇಳುವುದೂ ಖರೆಯೇ ಅನಿಸಿತು.

ಹೀಗೆ ಮುಖದ ಮಲಾಮು ಮೊಣಕಾಲು, ಮೊಣಕೈ, ಪಾದದ ಹರಡುಗಳಿಗೆ ಹೋಯಿತು. ಕೀಲಿನ ಬೇನೆಯವನು ಕುಣಿಯಬಾರದೆಂದು ತಾಯಿ ಅವನನ್ನು ತಾಲೀಮಿಗೂ ಕಳಿಸಲಿಲ್ಲ. ಮುಖಕ್ಕೆ ಕಡಲೆಹಿಟ್ಟು, ನೀರು, ಮತ್ತೇನೂ ಇಲ್ಲ. ಕಾಢಾ ಎಷ್ಟು ಕಹಿಯೆಂದರೆ ಕುಡಿದ ಮೇಲೆ ಹುಡುಗ ಮಾತೇ ಆಡುತ್ತಿರಲಿಲ್ಲ, ಆಡಿದರೂ ಗಂಟಲು ಕೆರೆಯುತ್ತಿತ್ತು. ಕಾಢಾದ ಗುಣವೆಂದು ತಾಯಿ ಬೆಲ್ಲ ಕೊಟ್ಟಳು.

ಜೋಳದ ರಾಶಿಯಾಗುವ ಹೊತ್ತಿಗೆ ಮುಖ ತಿಳಿಯಾಗಿತ್ತು. ಅಲ್ಲೊಂದು ಇಲ್ಲೊಂದು ಕಲೆ, ಅಷ್ಟೇ. ತುಳಜಾಬಾಯಿ ಕಂಡಕಂಡವರಿಗೆಲ್ಲ ಮೊಣಕಾಲು ತಿಕ್ಕಿಕೊಳ್ಳಲು ಹೇಳುತ್ತ ಮಗನ ಕೈ ಹಿಡಿದು ಚಾವಡಿಗೆ ಬಂದಳು.

ದತ್ತಪ್ಪ ಹುಡುಗನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. ಅವನ ಕಣ್ಣು ತುಂಬಿತು. "ರಾಣಿನೇ ಬಂದಾಳ" ಎಂದು ತಾನೇ ಹಸಿರು ಸೀರೆ ಉಡಿಸಿದ, ಸೆರಗು ಹೊದಿಸಿದ, ಪೇಟಿಯ ಮುಂದೆ ಕುಳಿತು ಶ್ರುತಿ ಹಿಡಿದ. ಎಷ್ಟೋ ತಿಂಗಳ ಮೇಲೆ ಮಾಣಿಕಪ್ಪ ತಲೆಯೆತ್ತಿ ನಿಂತ. ಸುಖವೆಂದರೆ ಅದೇ ಅವನಿಗೆ. ಕಣ್ಣು ಮುಚ್ಚಿ ರಾಣಿಯ ಹಾಡು ಎತ್ತಿಕೊಂಡ.

ಸೀರೆಯೊಳಗಿಂದ ಗಂಡಸಿನ ದನಿ ಬಂತು. ದಪ್ಪ, ಒಡಕು, ನಡುವೆ ಒಮ್ಮೆ ಕೀರಲು, ಮತ್ತೆ ದಪ್ಪ. ಯಾರ ದನಿ ಇದು ಎಂದು ಮಾಣಿಕಪ್ಪನೇ ಬೆಚ್ಚಿ ಹಿಂದೆ ನೋಡಿದ.

"ಇನ್ನೊಮ್ಮಿ ಹಾಡಪಾ" ಅಂದ ದತ್ತಪ್ಪ. ಅವನು ಇನ್ನೊಮ್ಮೆ ಹಾಡಿದ. ಮಾಸ್ತರ ಪೇಟಿಯ ತಿದಿ ಮುಚ್ಚಿದ.

"ಮಾರಿ ತಿಳಿ ಆತು, ದನಿ ಹೋತು. ನಿಮ್ಮ ಹುಡುಗ ಗಂಡಸಾದ್ರಿ, ಬಾಯಿ. ಇನ್ನ ಇವ ರಾಣಿ ಆಗೂದಿಲ್ಲ."

ಮಾಣಿಕಪ್ಪ ಸೆರಗು ತೆಗೆಯಲಿಲ್ಲ, ಹಾಗೇ ಹಿಡಿದುಕೊಂಡು ನಿಂತ. ತುಳಜಾಬಾಯಿ ಮಗನನ್ನು ನೋಡಿದಳು, ಮಾಸ್ತರನನ್ನು ನೋಡಿದಳು. ಆಮೇಲೆ ಸೊಂಟದ ಗಂಟು ಬಿಚ್ಚಿ ಡಬ್ಬಿ ಹೊರತೆಗೆದು, ತಳದಲ್ಲಿ ಉಳಿದಿದ್ದ ಮಲಾಮನ್ನೆಲ್ಲ ಬೆರಳಿಗೆ ಬಳಿದುಕೊಂಡು ಅವನ ಗಂಟಲಿನ ಹತ್ತಿರ ಹೋದಳು.

"ಸ್ವಲ್ಪ ತಡೀರಿ, ಮಾಸ್ತರ. ಗಂಟಲಾಗ ಕೀಲ್ ಎಲ್ಲಿ ಇರ್ತಾದ, ಅದೊಂದು ತೋರಸ್ರಿ."