ಎಂಟರ ತನಕ

ಎಣ್ಣೆ ಹಡಗಿನಲ್ಲಿ ದುಃಖದಿಂದಲೂ ಕಿಡಿ ಹಾರುತ್ತದೆ. ಅದಕ್ಕೇ ಟ್ಯಾಂಕ್ ತೊಳೆಯಲು ಇಳಿಯುವ ಮುಂಚೆ ಪ್ರತಿಯೊಬ್ಬರೂ ಡೆಕ್ಕಿನ ಮೇಲಿನ ತಾಮ್ರದ ಕಂಬ ಹಿಡಿದು ನಿಲ್ಲಬೇಕು. ಮನಸ್ಸಿನಲ್ಲಿದ್ದದ್ದು ಸಮುದ್ರಕ್ಕೆ ಇಳಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಕಂಬದ ಮೀಟರಿನ ಮುಳ್ಳು ಎಂಟಕ್ಕೆ ಇಳಿದರೆ ಟ್ಯಾಂಕಿನೊಳಗೆ ಬಿಡಬಹುದು. ಅದನ್ನು ನೋಡುವುದು ನನ್ನ ಕೆಲಸ.

ಆ ಬೆಳಿಗ್ಗೆ ಪಂಪ್‌ಮ್ಯಾನ್ ಹೊನ್ನಪ್ಪ ಹರಿಕಂತ್ರನಿಗೆ ಕಾರವಾರದಿಂದ ಮಗಳು ತೀರಿಕೊಂಡ ಸುದ್ದಿ ಬಂದಿತ್ತು. ಮುಳ್ಳು ತೊಂಬತ್ತರಲ್ಲಿತ್ತು. ಅವನು ಕಂಬ ಹಿಡಿದ. ಎಂಟಕ್ಕೆ ಇಳಿದದ್ದೇ ಕೈ ತೆಗೆಯಲು ಹೋದ.

“ಸಾರ್, ಎಂಟರ ತನಕ ನಡೀತದಲ್ಲ. ಇಷ್ಟಾದರೂ ಇರಲಿ.”

ನಡೆಯುತ್ತಿತ್ತು. ಆದರೆ ಹನ್ನೊಂದು ವರ್ಷ ನನ್ನ ಪುಸ್ತಕದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬರೆದವನಲ್ಲ ನಾನು. ಅದೊಂದು ಜಂಬ ನನಗೆ. “ಇನ್ನೊಂದು ನಿಮಿಷ ಹಿಡಿ ಮಾರಾಯಾ” ಎಂದೆ. ಹಿಡಿದ. ಮುಳ್ಳು ಸೊನ್ನೆಗೆ ಬಂತು.

ಟ್ಯಾಂಕ್ ಸುರಕ್ಷಿತವಾಗಿ ತೊಳೆದಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಹೆಂಡತಿಯ ಫೋನ್ ಬಂತು. ಅನ್ನ ಕಲಸುತ್ತಲೇ ಕೇಳಿಸಿಕೊಂಡ. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ.

“ಸಾರ್, ಇವಳು ಅಳ್ತಾ ಇದ್ದಾಳೆ. ಏನು ಹೇಳಬೇಕು ಇಂಥ ಹೊತ್ತಲ್ಲಿ?”