ಹಾರುವ ಕೂಸು, ಉಣ್ಣುವ ತಾಯಿ

ತಾಯಿ ವಾಯುವಾಗುವ ಪದಾರ್ಥ ತಿಂದರೆ, ಆ ಹಾಲು ಕುಡಿದ ಕೂಸು ಗಾಳಿಯಲ್ಲಿ ತೇಲುತ್ತಿತ್ತು. ಗದುಗಿನ ಮನೆಮನೆಯಲ್ಲೂ ಇದು ಇದ್ದದ್ದೇ. ಅದಕ್ಕೇ ನೀಲವ್ವ ತನ್ನ ಬಾಣಂತಿ ಮಗಳು ಸುಗಂಧಾಳಿಗೆ ಬರೀ ಅನ್ನ, ಮೆಣಸಿನ ಸಾರು ಹಾಕುತ್ತಿದ್ದಳು. ನೀರನ್ನೂ ಗುಟುಕು ಗುಟುಕಾಗಿಯೇ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಕೂಸಿಗೆ ಹಾಲೂಡಿಸಿ ಎದ್ದ ಸುಗಂಧಾ ಕಣ್ಣು ಕತ್ತಲೆಗಟ್ಟಿ ಕುಸಿದಳು. ಗಾಬರಿಯಾದ ನೀಲವ್ವ ಓಣಿಯ ಡಾಕ್ಟರಮ್ಮನನ್ನು ಕರೆತಂದಳು.

"ಏನ್ ಊಟ ಹಾಕ್ತೀರಿ ಇಕಿಗೆ?" ಎಂದರು ಡಾಕ್ಟರಮ್ಮ.

"ಅನ್ನ, ಸಾರು ರೀ. ಕಾಳು ಕೊಟ್ರ ಕೂಸು ಹಾರ್ತೈತಲ್ರಿ!"

"ಹಾರಿದ ಕೂಸು ತಾನಾಗೇ ಇಳೀತೈತಿ. ಬಿದ್ದ ಮಗಳನ್ನ ಯಾರು ಎಬ್ಬಸ್ತಾರ? ರೊಟ್ಟಿ, ಕಾಳು, ತಪ್ಪಲಪಲ್ಯ, ಮೊಸರು ಎಲ್ಲಾ ಕೊಡ್ರಿ. ಬೇಕಾದಷ್ಟು ನೀರು ಕುಡೀಲಿ."

ನೀಲವ್ವ ಗೊಣಗುತ್ತಲೇ ಅಲಸಂದಿ ಕಾಳಿನ ಪಲ್ಯ ಮಾಡಿದಳು. ಸುಗಂಧಾ ರೊಟ್ಟಿಯ ಮೇಲೆ ರೊಟ್ಟಿ ತಿಂದು, ತಂಬಿಗೆ ನೀರು ಕುಡಿದು, ಕೂಸಿಗೆ ಹಾಲು ಕೊಟ್ಟಳು. ಸ್ವಲ್ಪ ಹೊತ್ತಿಗೆ ಕೂಸು ತೊಟ್ಟಿಲಿನಿಂದ ಮೆಲ್ಲಗೆ ಮೇಲೆದ್ದು, ತೊಲೆಗೆ ತಾಗಿ ಕೇಕೆ ಹಾಕಿತು.

"ಯವ್ವಾ, ಫ್ಯಾನ್ ಬಂದ್ ಮಾಡ!" ಎಂದು ಸುಗಂಧಾ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಕೆಲವೇ ವಾರಗಳಲ್ಲಿ ಅವಳ ಮುಖಕ್ಕೆ ಕಳೆ ಬಂತು. ಒಂದು ಸಂಜೆ ನೀಲವ್ವ ಕೂಸಿನ ಸೊಂಟಕ್ಕೆ ಹಳೆ ಸೀರೆ ಕಟ್ಟಿ, ಅದನ್ನು ಹಿಡಿದು ಓಣಿಗೆ ಹೊರಟಳು. ಕಟ್ಟೆಯ ಮೇಲೆ ಮೊಮ್ಮಗನನ್ನು ಎತ್ತಿಕೊಂಡು ಕೂತಿದ್ದ ಗುರುಬಾಯಿ ಬಾಯಿ ತೆರೆದು ಆಕಾಶ ನೋಡಿದಳು.

ನೀಲವ್ವ ಸೀರೆಯನ್ನು ಇನ್ನಷ್ಟು ಸಡಿಲ ಬಿಟ್ಟು ಕೇಳಿದಳು: "ಯಾಕ ಗುರುಬಾಯಿ, ನಿನ್ನ ಮೊಮ್ಮಗ ಇನ್ನೂ ಮಡಿಲಾಗ ಅದಾನಲ್ಲ? ಸೊಸಿಗೆ ಹೊಟ್ಟಿತುಂಬ ಹಾಕೂದಿಲ್ಲೇನ?"